ಕಾರಿಗೆ ಕುಂಕುಮ, ಬ್ರೇಕಿಗೆ ಕಷಾಯ

ಆಯುಧಪೂಜೆಯ ಮರುದಿನ ನಮ್ಮ ಬೀದಿಯ ತುಂಬ ಚಪ್ಪಟೆಯಾದ ನಿಂಬೆಹಣ್ಣುಗಳು. ಒಂದೊಂದು ಕಾರಿಗೂ ಬಾಳೆಕಂದು, ಸೇವಂತಿಗೆ ಹಾರ, ಬಾನೆಟ್ಟಿನ ಮೇಲೆ ಕುಂಕುಮ. ಪೂಜೆಯ ಮೇಲೆ ನನಗೆ ತಕರಾರಿಲ್ಲ, ನಾನೂ ಮಾಡುತ್ತೇನೆ. ಆದರೆ ನಿಂಬೆಹಣ್ಣು ಇಡಲು ಬಗ್ಗಿದವರು ಹಾಗೇ ಟೈರಿನ ಪಕ್ಕೆಯ ಮೇಲೂ ಕಣ್ಣು ಹಾಯಿಸಬಹುದಲ್ಲ? ಅಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಎಂದಿದ್ದರೆ 2017ರ ಇಪ್ಪತ್ಮೂರನೇ ವಾರದಲ್ಲಿ ಹುಟ್ಟಿದ ಟೈರು ಎಂದರ್ಥ. ಅದು ಎಂದೋ ನಿವೃತ್ತಿಯಾಗಬೇಕಿತ್ತು.

ನಾನೂ ಆ ಅಂಕಿ ಓದಿದವನಲ್ಲ. ಓದಿಸಿದ್ದು ಟ್ರ್ಯಾಕ್ ಡೇ.

ಗೊತ್ತಿಲ್ಲದವರಿಗೆ ಹೇಳಬೇಕು: ಆಫೀಸಿಗೆ, ತರಕಾರಿಗೆ, ಮಗಳ ಶಾಲೆಗೆ ಓಡಿಸುವ ಕಾರನ್ನೇ ರೇಸ್ ಟ್ರ್ಯಾಕಿಗೆ ಒಯ್ದು, ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ಹದಿನೈದಿಪ್ಪತ್ತು ನಿಮಿಷದ ಕಂತುಗಳಲ್ಲಿ ಮನಸಾರೆ ಓಡಿಸುವುದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಗೆದ್ದವರಿಲ್ಲ, ಬಹುಮಾನವಿಲ್ಲ. ಬೆಂಗಳೂರಿನಿಂದ ಹೊರಟರೆ ಕೃಷ್ಣಗಿರಿ, ವೆಲ್ಲೂರು ದಾಟಿ, ಚೆನ್ನೈಗೆ ಮುಂಚೆ ಇರುಂಗಾಟ್ಟುಕೋಟೈನಲ್ಲಿ 3.7 ಕಿ.ಮೀ. ಉದ್ದದ, ಹನ್ನೆರಡು ತಿರುವುಗಳ ಟ್ರ್ಯಾಕು ಸಿಗುತ್ತದೆ. ನಾನು ಮೊದಲ ಸಲ ಅಲ್ಲಿಗೆ ಹೋದಾಗ ನನ್ನ ‘ತಯಾರಿ’ ಎಂದರೆ ಗುಡುಗುವ ಎಕ್ಸಾಸ್ಟು, ಹಗುರವಾದ ಅಲಾಯ್ ಚಕ್ರ, ಇಂಜಿನ್ನಿಗೆ ಹೆಚ್ಚು ಗಾಳಿ ಕೊಡುತ್ತದಂತೆ ಎಂಬ ಒಂದು ಫಿಲ್ಟರು. ಒಂದೂವರೆ ತಿಂಗಳ ಸಂಬಳ ಅಲ್ಲಿಗೆ ಹೋಯಿತು.

ಮೂರನೇ ಸುತ್ತಿನಲ್ಲಿ, ನೇರ ಹಾದಿಯ ಕೊನೆಯಲ್ಲಿ ಬ್ರೇಕ್ ಒತ್ತಿದೆ. ಪೆಡಲು ಹತ್ತಿಯ ದಿಂಬನ್ನು ತುಳಿದ ಹಾಗೆ ಮೆತ್ತಗೆ ನೆಲ ಮುಟ್ಟಿತು. ಕಾರು ತಿರುವನ್ನು ಬಿಟ್ಟು ನೆಟ್ಟಗೆ ಧೂಳಿಗೆ ನುಗ್ಗಿ ನಿಂತಿತು. ಅಲ್ಲಿ ಜಾಗ ಬಿಟ್ಟಿದ್ದರು, ಉಳಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲು ಮೊದಲಿನಂತೆಯೇ ಗಟ್ಟಿ! ಏನೂ ಆಗಿಯೇ ಇಲ್ಲವೆಂಬಂತೆ.

ಲೆಕ್ಕ ಸರಳ. 1,100 ಕೆ.ಜಿ. ತೂಕದ ಕಾರು ಗಂಟೆಗೆ 140 ಕಿ.ಮೀ. ವೇಗದಿಂದ 60ಕ್ಕೆ ಇಳಿಯುವಾಗ ಹುಟ್ಟುವ ಶಾಖ ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಇದು ಮೂರ್ನಾಲ್ಕು ಸೆಕೆಂಡುಗಳಲ್ಲಿ ಆಗುವ ಕೆಲಸ. ಒಂದೊಂದು ಸುತ್ತಿನಲ್ಲೂ ಹೀಗೆ ಹಲವು ಸಲ ಬ್ರೇಕ್ ಒತ್ತಬೇಕು. ಆ ಶಾಖ ಡಿಸ್ಕಿಗೆ, ಪ್ಯಾಡಿಗೆ, ಅಲ್ಲಿಂದ ಬ್ರೇಕ್ ಎಣ್ಣೆಗೆ ಇಳಿಯುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಎಣ್ಣೆ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಆದರೆ ಈ ಎಣ್ಣೆ ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರುತ್ತದೆ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದು 155 ಡಿಗ್ರಿಯವರೆಗೆ ತಡೆದರೂ ದರ್ಜೆಯ ನಿಯಮದ ಪ್ರಕಾರ ಪಾಸು. ಕುದಿದರೆ ಕೊಳವೆಯೊಳಗೆ ಆವಿ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆವಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ತಣ್ಣಗಾದರೆ ಆವಿ ಮತ್ತೆ ದ್ರವ, ಪೆಡಲು ಮತ್ತೆ ಗಟ್ಟಿ.

ಅವತ್ತು ಪಕ್ಕದ ಕಾರಿನವರೊಬ್ಬರು ನನ್ನ ಬಾನೆಟ್ ಎತ್ತಿ ಎಣ್ಣೆಯ ಡಬ್ಬಿ ತೋರಿಸಿದರು. ತಿಳಿ ಬೆಲ್ಲದ ನೀರಿನಂತೆ ಇರಬೇಕಾದದ್ದು ಶುಂಠಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಆರು ವರ್ಷ ನಾನು ಅದನ್ನು ಬದಲಿಸಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಕಾರಿನ ಕೈಪಿಡಿಯಲ್ಲೇ ಇದೆ. ಆ ಕೈಪಿಡಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಸಿಕೊಳ್ಳದೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಮಲಗಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟ್ರ್ಯಾಕಿನ ಧೂಳು ಕಾರಣವಲ್ಲ. ಹಿಂದಿನ ತಿಂಗಳು ಇದೇ ಕಾರಿನಲ್ಲಿ, ಇದೇ ಎಣ್ಣೆಯಲ್ಲಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದಿದ್ದೆ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು. ಮಂಜು ಬೇರೆ. ಇಳಿಜಾರಿನುದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇದ್ದೆ. ಅಲ್ಲಿ ತಿರುವಿನ ಆಚೆ ಧೂಳಿನ ಬಯಲಿಲ್ಲ.

ಆದ್ದರಿಂದ ‘ಟ್ರ್ಯಾಕಿಗೆ ಕಾರು ರೆಡಿ ಮಾಡುವುದು ಶ್ರೀಮಂತರ ಶೋಕಿ’ ಎನ್ನುವ ನನ್ನ ಸಾಹಿತ್ಯದ ಗೆಳೆಯರೊಂದಿಗೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಪೆಟ್ರೋಲು ಸುಡುತ್ತದೆ, ಒಪ್ಪಿದೆ. ಟೈರು ಸವೆಯುತ್ತದೆ, ಅದನ್ನೂ ಒಪ್ಪಿದೆ. ಅಲ್ಲಿ ಅಪಘಾತವಾದರೆ ಸಾಮಾನ್ಯ ವಿಮೆ ಕೈಕೊಡುವ ಸಂಭವವೇ ಹೆಚ್ಚು: ರೇಸು, ವೇಗಪರೀಕ್ಷೆಗಳನ್ನು ಪಾಲಿಸಿಯೇ ಹೊರಗಿಟ್ಟಿದೆ. ಆದರೆ ತಯಾರಿಯ ಮುಖ್ಯ ಖರ್ಚು ಏನು? ಕೆಲವು ನೂರು ರೂಪಾಯಿಯ ಎಣ್ಣೆ, ಒಂದು ಜೊತೆ ಒಳ್ಳೆಯ ಪ್ಯಾಡು. ಪೆಡಲು ಒತ್ತಿ ಹಿಡಿಯಲು ಒಬ್ಬರು, ಚಕ್ರದ ಬಳಿ ಪೈಪು ಹಿಡಿದು ಹಳೇ ಎಣ್ಣೆ ಹೊರಬಿಡಲು ಇನ್ನೊಬ್ಬರು. ನಮ್ಮಲ್ಲಿ ಪೆಡಲಿಗೆ ಕೂರುವುದು ಹೆಂಡತಿ. ‘ಒತ್ತು, ಹಿಡಿ, ಬಿಡು’ ಎಂದು ಒಂದು ಗಂಟೆ ಹೇಳಿಸಿಕೊಳ್ಳುವ ಅವಳ ತಾಳ್ಮೆಗೆ ಬೆಲೆ ಕಟ್ಟಿಲ್ಲ.

ಉಳಿದದ್ದು ನೋಟದ ಕೆಲಸ. ಕೂಲಂಟು ಮತ್ತು ಇಂಜಿನ್ ಎಣ್ಣೆಯ ಮಟ್ಟ. ಚಕ್ರದ ನಟ್ಟುಗಳು ಕೈಪಿಡಿ ಹೇಳಿದಷ್ಟು ಬಿಗಿ ಇವೆಯೇ. ಬಿಸಿಯಾದಂತೆ ಟೈರಿನ ಗಾಳಿಯ ಒತ್ತಡ ಏರುತ್ತದೆ, ಆದ್ದರಿಂದ ಓಡಿಸಿ ಬಂದ ಕೂಡಲೇ ಅಳೆಯಬೇಕು. ನೀರಿನ ಬಾಟಲಿ, ಛತ್ರಿ, ಸಡಿಲವಾದ ಮ್ಯಾಟು ಹೊರಗೆ. ಪೆಡಲಿನ ಕೆಳಗೆ ಉರುಳಿಬಂದ ಬಾಟಲಿ ಟ್ರ್ಯಾಕಿನಲ್ಲೂ ಹೆಬ್ಬಾಳದ ಫ್ಲೈಓವರಿನಲ್ಲೂ ಒಂದೇ. ಕಂತಿನ ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ ಬ್ರೇಕು ತಣಿಸಬೇಕು, ಕಾದ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಇದರಲ್ಲಿ ಶೋಕಿ ಎಲ್ಲಿದೆ?

ಶೋಕಿ ಬೇರೆ ಕಡೆ ಇದೆ. ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ರಸ್ತೆಯಲ್ಲಿ ಗುಡುಗುವ ಕಾರುಗಳ ಬಾನೆಟ್ ತೆಗೆಸಿ ನೋಡಿ. ಗುಡುಗಿಗೆ ಸಾವಿರಾರು ರೂಪಾಯಿ ಸುರಿದವರ ಡಬ್ಬಿಯಲ್ಲಿ ಅದೇ ಕಷಾಯ. ಕಾರಿನ ಮೂಲ ವಿವರಗಳನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಕಾನೂನು ಬೇಡ ಎಂದ ಕಡೆ ನಾವು ದುಡ್ಡು ಸುರಿಯುತ್ತೇವೆ, ಕೈಪಿಡಿ ಬೇಕು ಎಂದ ಕಡೆ ಜಿಪುಣರು. ವೇಗ ಹೆಚ್ಚಿಸುವ ಸಾಮಾನು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳಿಸುತ್ತದೆ. ನಿಲ್ಲಿಸುವ ಸಾಮಾನನ್ನು ಇನ್‌ಸ್ಟಾಗ್ರಾಮಿಗೆ ಹಾಕಲಾಗುವುದಿಲ್ಲ.

ಮುಂದಿನ ತಿಂಗಳು ಗೆಳೆಯನೊಬ್ಬ ಮೊದಲ ಸಲ ಇರುಂಗಾಟ್ಟುಕೋಟೈಗೆ ಹೊರಟಿದ್ದಾನೆ. ಮೊನ್ನೆ ಅವನ ಮನೆಗೆ ಹೋಗಿದ್ದೆ. ಭಾರ ಕಡಿಮೆಯಾಗಲಿ ಎಂದು ಸ್ಟೆಪ್ನಿ ಈಗಲೇ ಇಳಿಸಿಟ್ಟಿದ್ದಾನೆ. ಮುನ್ನೂರು ಕಿ.ಮೀ. ಹೋಗಬೇಕು, ಇಳಿಸುವುದಾದರೆ ಅಲ್ಲಿ ಹೋಗಿ ಇಳಿಸು ಎಂದೆ, ನಕ್ಕ. ಬ್ರೇಕ್ ಎಣ್ಣೆ ಎಷ್ಟು ಹಳೆಯದು ಎಂದು ಕೇಳಿದೆ.

‘ಹಿಡೀತಾ ಇದೆಯಲ್ಲ’ ಎಂದ.