ಅರಳುಮರಳು ಎಂದು ಸುಮ್ಮನಾಗುವ ಮುನ್ನ

ಅರವತ್ತಕ್ಕೆ ಅರಳುಮರಳು ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ನಗುತ್ತಾ ಹೇಳುತ್ತೇವೆ, ಹೇಳಿ ಮರೆಯುತ್ತೇವೆ. ಶೆಟ್ಟಿಕೊಪ್ಪದ ನಮ್ಮ ಮನೆಯಲ್ಲಿ ಆ ಒಂದು ಮಾತನ್ನು ನಂಬಿಕೊಂಡು ನಾವು ಎರಡು ವರ್ಷ ಕಳೆದೆವು.

ನಮ್ಮವ್ವ ಓದಿದವಳಲ್ಲ. ಇಸವಿ, ತಾರೀಕು ಅವಳಿಗೆ ಬೇಕಿರಲಿಲ್ಲ. ಅವಳ ಲೆಕ್ಕವೆಲ್ಲ ಮಳೆ ನಕ್ಷತ್ರಗಳದು. ಆರಿದ್ರಾ ಯಾವಾಗ ಹುಟ್ಟುತ್ತದೆ, ಪುಷ್ಯ ಯಾವಾಗ ಮುಗಿಯುತ್ತದೆ, ಅಡಿಕೆಗೆ ಎರಡನೇ ಸಲದ ಔಷಧಿಯನ್ನು ಯಾವ ಮಳೆಯ ಹೊಳವು ನೋಡಿ ಹೊಡೆಸಬೇಕು ಎಂದು ಬೆರಳೆಣಿಸಿ ಹೇಳುತ್ತಿದ್ದಳು. ಅಂಥವಳು ಒಂದು ಆಶ್ಲೇಷ ಮಳೆಯ ದಿನ ಜಗಲಿಯಲ್ಲಿ ಕುಳಿತು, "ರೋಹಿಣಿ ಈ ಸಲ ಜೋರಾಯ್ತಲ್ಲ ಮಗಾ" ಎಂದಳು. ನಾವೆಲ್ಲ ನಕ್ಕೆವು.

ಕೊನೆಗೆ ಪೇಟೆಯ ವೈದ್ಯರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಇವತ್ತು ಎಷ್ಟನೇ ತಾರೀಕು?" ಅವ್ವ ಗೊತ್ತಿಲ್ಲ ಎಂದಳು. ಅದು ಅವಳಿಗೆ ಯಾವತ್ತೂ ಗೊತ್ತಿರಲಿಲ್ಲ! ಅವಳು ಕಳೆದುಕೊಂಡದ್ದು ಏನೆಂದು ತಿಳಿಯಲು ಈಗ ನಡೆಯುತ್ತಿರುವ ಮಳೆ ಯಾವುದು ಎಂದು ಕೇಳಬೇಕಿತ್ತು. ಮೆದುಳಿನ ವಿಜ್ಞಾನ ನಮ್ಮ ಹಳ್ಳಿಗೆ ಎಷ್ಟು ಅಗತ್ಯವೋ, ನಮ್ಮ ಹಳ್ಳಿಯ ತಿಳಿವಳಿಕೆ ಆ ವಿಜ್ಞಾನಕ್ಕೂ ಅಷ್ಟೇ ಅಗತ್ಯ ಎಂದು ನನಗೆ ಹೊಳೆದದ್ದು ಆ ದಿನ.

ಶರಣ ಬಂಧುಗಳೇ, ಇದು ನಮ್ಮ ಮನೆಯೊಂದರ ಕಥೆಯಲ್ಲ. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ 100ಕ್ಕೆ 7ಕ್ಕೂ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿತನದ ಕಾಯಿಲೆ, ಅಂದರೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಬಿ12 ಜೀವಸತ್ವದ ಕೊರತೆಯಿಂದಲೂ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ಬೇಗ ಕಂಡರೆ ಅಂಥದ್ದಕ್ಕೆ ಚಿಕಿತ್ಸೆಯಿದೆ. ಸಸ್ಯಾಹಾರಿಗಳಾದ ನಾವು ಬಿ12ರ ಮಾತನ್ನು ಕಿವಿಗೆ ಹಾಕಿಕೊಳ್ಳಲೇಬೇಕು.

2024ರ ಲ್ಯಾನ್ಸೆಟ್ ಆಯೋಗ ನಾವು ತಿದ್ದಿಕೊಳ್ಳಬಹುದಾದ 14 ಅಪಾಯಗಳನ್ನು ಪಟ್ಟಿಮಾಡಿದೆ. ಅವನ್ನೆಲ್ಲ ಸರಿಪಡಿಸಿದರೆ ಈ ಕಾಯಿಲೆಯ ಹತ್ತಿರ ಹತ್ತಿರ ಅರ್ಧದಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎನ್ನುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು, ಒಂಟಿತನ ಇವೆಲ್ಲ ಆ ಪಟ್ಟಿಯಲ್ಲಿವೆ. ಎಳವೆಯಲ್ಲಿ ಓದು ಸಿಗದಿರುವುದೂ ಇದೆ. ಹಾಗಾದರೆ ಸಿದ್ಧಗಂಗೆಯಂತಹ ಮಠಗಳು ಬಡಮಕ್ಕಳಿಗೆ ಪ್ರಸಾದ ನಿಲಯ ನಡೆಸಿ ಓದಿಸಿದ್ದು ಅನ್ನ, ಅಕ್ಷರಗಳ ದಾಸೋಹ ಮಾತ್ರವಲ್ಲ, ಮೆದುಳಿನ ಆರೋಗ್ಯದ ದಾಸೋಹವೂ ಆಗಿತ್ತು. ಮಕ್ಕಳಿಗೆ ಮಾಡಿದ್ದನ್ನು ಮುದುಕರಿಗೂ ಮಾಡೋಣ ಎಂಬುದಷ್ಟೇ ನನ್ನ ಅರಿಕೆ.

ಹಳ್ಳಿಯೊಂದು ಸಂಶೋಧನೆಯ ಕೈಹಿಡಿಯಬಲ್ಲದು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ 45 ವರ್ಷ ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಕೈಗೊಂಡಿದೆ. ಮಾವು ಬೆಳೆಯುವ ರೈತರು ಆಶಾ ಕಾರ್ಯಕರ್ತೆಯರ ಮಾತು ನಂಬಿ ಅದಕ್ಕೆ ಸೇರಿದ್ದಾರೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವೂ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಗಳಿಂದ ಶುರುವಾಗಿ ಬೇರೆ ಜಿಲ್ಲೆಗಳತ್ತ ಹಬ್ಬಿತು. ಆದರೆ ಕ್ಲಿನಿಕ್ಕಿನ ಬಾಗಿಲು ತೆರೆದರೆ ಸಾಲದು. ಕೊಪ್ಪ, ನರಸಿಂಹರಾಜಪುರದ ತೋಟದ ಮನೆಯಿಂದ ಅಜ್ಜಿಯನ್ನು ಅಲ್ಲಿಗೆ ಕರೆದೊಯ್ಯಬೇಕು ಎಂದು ಮನೆಯವರಿಗೆ ಅನ್ನಿಸಬೇಕಲ್ಲ?

ಅಲ್ಲಿ ಮಠಗಳ ಕೆಲಸವಿದೆ. ತಿಂಗಳಿಗೊಂದು ದಿನ ಮಠದ ಸಭಾಂಗಣದಲ್ಲಿ ರಕ್ತದೊತ್ತಡ, ಸಕ್ಕರೆ, ಕಿವಿ ಮತ್ತು ನೆನಪಿನ ತಪಾಸಣೆ ನಡೆಯಲಿ. ಮಾಸಿಕ ಶರಣ ಸಂಗಮದಲ್ಲಿ ಅರ್ಧ ಗಂಟೆ ಈ ವಿಷಯಕ್ಕೆ ಮೀಸಲಿರಲಿ. ಪ್ರಶ್ನಾವಳಿ ತಯಾರಿಸುವ ಸಂಶೋಧಕರ ಜೊತೆ ನಮ್ಮ ಹಿರಿಯರು ಕುಳಿತು, ಇಂಥ ಪ್ರಶ್ನೆ ನಮಗೆ ಹೊಂದುವುದಿಲ್ಲ, ಹೀಗೆ ಕೇಳಿ ಎಂದು ತಿದ್ದಲಿ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಸ್ವಾಮಿಗಳು ಒಂದು ಮಾತು ಹೇಳಿದರೆ ನಮ್ಮ ಜನ ಸಮ್ಮತಿ ಪತ್ರವನ್ನು ಓದದೆಯೇ ಹೆಬ್ಬೆಟ್ಟು ಒತ್ತುತ್ತಾರೆ. ಅದು ಸಹಭಾಗಿತ್ವವಲ್ಲ. ಮಠದ ಮಾತು ಬಾಗಿಲು ತೆರೆಸಲಿ, ಸಹಿ ಹಾಕಿಸುವುದು ಬೇಡ. ರಕ್ತ ಯಾಕೆ ಬೇಕು, ಹೆಸರು ಗುಟ್ಟಾಗಿರುತ್ತದೆಯೇ, ಫಲಿತಾಂಶವನ್ನು ನಮಗೆ ಕನ್ನಡದಲ್ಲಿ ಹೇಳುತ್ತೀರಾ, ಕಾಯಿಲೆ ಕಂಡರೆ ಮುಂದಿನ ದಾರಿ ಯಾರು ತೋರಿಸುತ್ತಾರೆ ಎಂದು ಒಬ್ಬೊಬ್ಬರೂ ಕೇಳಬೇಕು. ಒಲ್ಲೆ ಎಂದವರನ್ನು ಯಾರೂ ಕೆಂಗಣ್ಣಿಂದ ನೋಡಬಾರದು. ಅನುಭವ ಮಂಟಪದ ವಾರಸುದಾರರು ನಾವು; ಪ್ರಶ್ನೆ ಕೇಳಲು ಹಿಂಜರಿದರೆ ಆ ಹೆಸರೆತ್ತುವ ಹಕ್ಕು ನಮಗಿರುವುದಿಲ್ಲ.

ಇನ್ನೊಂದನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಅವ್ವನಿಗೆ ಕಾಯಿಲೆ ಬಲಿತ ದಿನಗಳಲ್ಲಿ ನಾನು ಊರೂರಲ್ಲಿ ಕಾಯಕ, ಸಮಾನತೆ ಎಂದು ಭಾಷಣ ಮಾಡುತ್ತಿದ್ದೆ. ಮನೆಯಲ್ಲಿ ಅವಳಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ರಾತ್ರಿ ಎದ್ದು ಅಂಗಳಕ್ಕಿಳಿದವಳನ್ನು ಕೈಹಿಡಿದು ಒಳಗೆ ಕರೆತರುತ್ತಿದ್ದವಳು ನನ್ನ ಹೆಂಡತಿ. ಒಂದು ದಿನ ಅವಳು, "ನಿಮ್ಮ ಭಾಷಣದಲ್ಲಿ ಈ ಕೆಲಸ ಬರೋದೇ ಇಲ್ವಲ್ಲ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನದಿಂದ ಬೆಳಗಿನ ಸ್ನಾನದ ಕೆಲಸ ನನ್ನದಾಯಿತು. ಆರೈಕೆ ಮಾಡುವವರಿಗೆ ಮಠದಲ್ಲಿ ಒಂದು ದಿನದ ಬಿಡುವು, ಹಂಚಿಕೊಳ್ಳಲು ನಾಲ್ಕು ಜನ ಸಿಕ್ಕರೆ ಅದೂ ದೊಡ್ಡ ದಾಸೋಹವೇ.

ಅವ್ವ ಈಗಿಲ್ಲ. ಮಳೆಗಾಲ ಹಿಡಿದಾಗಲೆಲ್ಲ ಆ ನಗು ನೆನಪಾಗಿ ನಾಚಿಕೆಯಾಗುತ್ತದೆ. ನಿಮ್ಮ ಮನೆಯ ಹಿರಿಯರು ಮಳೆಯ ಹೆಸರು ತಪ್ಪಿದರೆ ನಗಬೇಡಿ. ಹತ್ತಿರ ಕುಳಿತು ಇನ್ನೊಮ್ಮೆ ಕೇಳಿ, ಆಮೇಲೆ ವೈದ್ಯರಲ್ಲಿಗೆ ಕರೆದೊಯ್ಯಿರಿ.