ಮುಕ್ತ ತಂತ್ರಾಂಶವೂ ಮನೆಯ ತೊಟ್ಟಿಲೂ



ನಾನು ಪಾಠ ಹೇಳಿದ ಮಕ್ಕಳಲ್ಲಿ ಹಲವರು ಈಗ ತಾವೇ ತಂದೆ-ತಾಯಂದಿರಾಗಿದ್ದಾರೆ. ಮಗು ಹುಟ್ಟಿದ ಸುದ್ದಿ ತಿಳಿಸಲು ದೂರವಾಣಿ ಮಾಡುವ ಹುಡುಗರ ಮಾತಿನಲ್ಲಿ ಸಂತೋಷದ ಬೆನ್ನಿಗೇ ಒಂದು ಸಂಕೋಚದ ಪ್ರಶ್ನೆಯೂ ಇಣುಕುವುದುಂಟು. ಅವರಲ್ಲಿ ಕೆಲವರು ಹಗಲು ಕಂಪನಿಯ ಕೆಲಸ ಮುಗಿಸಿ, ರಾತ್ರಿ ಮುಕ್ತ ತಂತ್ರಾಂಶಕ್ಕಾಗಿ ಸಂಬಳವಿಲ್ಲದೆ ದುಡಿಯುವವರು. “ಸರ್, ಮಗುವಾದ ಮೇಲೆ ಇದನ್ನೆಲ್ಲ ಬಿಟ್ಟುಬಿಡಬೇಕೇ? ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ” ಎಂಬುದು ಅವರ ಪ್ರಶ್ನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಡಬೇಕಾಗಿಲ್ಲ. ಆದರೆ ಆ ಕೆಲಸಕ್ಕೆ ಕೊಡುವ ಹೊತ್ತು ಯಾರ ಪಾಲಿನಿಂದ ಬರುತ್ತಿದೆ ಎಂದು ಲೆಕ್ಕ ಹಾಕದೆ ಮುಂದುವರಿಸುವುದೂ ಸರಿಯಲ್ಲ. ಮೂರು ದಶಕಗಳಿಗೂ ಮಿಕ್ಕಿ ಗಣಿತ ಬೋಧಿಸಿದವನು ಲೆಕ್ಕದ ಮಾತಾಡಿದರೆ ನಿಮಗೆ ಆಶ್ಚರ್ಯವಾಗಲಾರದು.

ಬಂಧುಗಳಲ್ಲಿ ಹಿರಿಯರಾದವರಿಗೆ ಈ ಮುಕ್ತ ತಂತ್ರಾಂಶವೆಂದರೇನೆಂದು ಸ್ವಲ್ಪ ವಿವರಿಸಬೇಕು. ಅಂಗಡಿಯಿಂದ ತಂದ ಸಾರಿನ ಪುಡಿಯ ಪೊಟ್ಟಣದಲ್ಲಿ ಯಾವುದು ಎಷ್ಟು ಬಿದ್ದಿದೆಯೆಂದು ನಮಗೆ ತಿಳಿಯುವುದಿಲ್ಲ. ಅಜ್ಜಿ ಕೈಯಾರೆ ಬರೆದುಕೊಟ್ಟ ವಿಧಾನವಾದರೆ ಅದನ್ನು ಓದಬಹುದು, ಖಾರ ಕಡಿಮೆ ಮಾಡಿಕೊಳ್ಳಬಹುದು, ಪಕ್ಕದ ಮನೆಯವರಿಗೂ ಕೊಡಬಹುದು. ಮುಕ್ತ ತಂತ್ರಾಂಶವು ಈ ಎರಡನೆಯ ಜಾತಿಯದು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಇಂತಹ ತಂತ್ರಾಂಶಗಳನ್ನು ಕಟ್ಟುವ ಗ್ನೂ ಯೋಜನೆಯನ್ನು ಪ್ರಕಟಿಸಿದರು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಲೈನಸ್ ಟೊರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ, ಹವ್ಯಾಸಕ್ಕೆಂದು ಬರೆಯುತ್ತಿದ್ದ ತಂತ್ರಾಂಶವೊಂದನ್ನು ಲೋಕಕ್ಕೆ ತೆರೆದಿಟ್ಟ. ಅದೇ ಲಿನಕ್ಸ್. ಇಂದು ನಮ್ಮಲ್ಲಿ ಬಹುಮಂದಿಯ ಅಂಗೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳಿನಲ್ಲಿ ಇರುವುದೂ ಅದೇ.

ಕನ್ನಡಕ್ಕೂ ಈ ಕೆಲಸದಿಂದ ಆದ ಉಪಕಾರ ಸಣ್ಣದಲ್ಲ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳನ್ನು ಬರೆದವರು ಬಹುತೇಕ ಸ್ವಯಂಸೇವಕರು. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಕನ್ನಡ ಅಕ್ಷರಶೈಲಿಗಳು ಲಿನಕ್ಸ್ ಬಳಸುವವರೆಲ್ಲರಿಗೂ ಮುಕ್ತವಾಗಿ ದೊರೆಯುತ್ತವೆ. ಗಣಕದ ಪರದೆಯ ಮೇಲೆ ‘ಕಡತ’, ‘ಉಳಿಸು’ ಎಂದು ಕನ್ನಡದಲ್ಲಿ ಕಾಣುವ ಒಂದೊಂದು ಪದದ ಹಿಂದೆಯೂ ಯಾರೋ ಒಬ್ಬರು ನಿದ್ದೆಗೆಟ್ಟು ಕುಳಿತ ಗಳಿಗೆಯಿದೆ. ಲಾಭವಿಲ್ಲದ ಭಾಷೆಗೆ ಮಾರುಕಟ್ಟೆ ಈ ಚಾಕರಿಯನ್ನು ತಾನಾಗಿ ಮಾಡುವುದಿಲ್ಲ.

ಆದ್ದರಿಂದ, “ಸಂಸಾರಿಗೆ ಇದೆಲ್ಲ ಏಕೆ?” ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಸಂಸಾರಿಗಳೇ ಅಲ್ಲವೇ ನಮ್ಮ ನಾಡಿನ ಸಂಘ-ಸಂಸ್ಥೆಗಳನ್ನು ಕಟ್ಟಿದ್ದು? ೧೯೪೯ರಲ್ಲಿ ಹೆಗ್ಗೋಡಿನಂತಹ ಪುಟ್ಟ ಹಳ್ಳಿಯಲ್ಲಿ ನೀನಾಸಂ ಹುಟ್ಟಿತು. ಊರೂರಿನ ಭಜನಾ ಮಂಡಳಿ, ಹವ್ಯಾಸಿ ಯಕ್ಷಗಾನ ತಂಡ, ಸಾಕ್ಷರತಾ ಆಂದೋಲನದ ರಾತ್ರಿಶಾಲೆ, ಇವುಗಳಲ್ಲಿ ಯಾವುದೂ ಬ್ರಹ್ಮಚಾರಿಗಳಿಂದಲೇ ನಡೆದದ್ದಲ್ಲ. ತನಗೆ ಪ್ರಿಯವಾದ ಒಂದು ಕೆಲಸವನ್ನು ಶ್ರದ್ಧೆಯಿಂದ ಮಾಡುವ ತಂದೆಯನ್ನು ನೋಡುತ್ತ ಬೆಳೆಯುವುದು ಮಗುವಿಗೂ ಒಂದು ಶಿಕ್ಷಣ. ದುಡಿದು ಬಂದು ದೂರದರ್ಶನದ ಮುಂದೆ ಬಿದ್ದುಕೊಳ್ಳುವ ತಂದೆಯನ್ನು ಯಾರೂ ಏನೂ ಕೇಳುವುದಿಲ್ಲ. ಕನ್ನಡಕ್ಕೆ ನಾಲ್ಕು ಪದ ಸೇರಿಸುವ ತಂದೆಯನ್ನು ಮಾತ್ರ ಬಿಡು ಎನ್ನುವುದು ಯಾವ ನ್ಯಾಯ?

ಇಷ್ಟು ಹಿರಿಯರಿಗೆ. ಇನ್ನು ಹುಡುಗರಿಗೆ ಹೇಳಬೇಕಾದ ಮಾತು.

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಸ್ವತಂತ್ರವಾದದ್ದು, ಬೆಲೆಯಿಲ್ಲದ್ದು ಎಂಬ ಎರಡು ಅರ್ಥಗಳಿರುವುದರಿಂದ ಈ ಚಳವಳಿಯವರು ಮತ್ತೆ ಮತ್ತೆ ವಿವರಣೆ ಕೊಡಬೇಕಾಯಿತು. ಕನ್ನಡದಲ್ಲಿ ನಮಗೆ ಆ ತೊಡಕಿಲ್ಲ. ‘ಮುಕ್ತ’ ಎಂಬುದು ಬೇರೆ, ‘ಉಚಿತ’ ಎಂಬುದು ಬೇರೆ. ನೀವು ಬರೆಯುವ ತಂತ್ರಾಂಶ ಮುಕ್ತ, ನಿಜ. ಅದು ಉಚಿತವೇ? ಬಳಸುವವನಿಗೆ ಉಚಿತ. ನಿಮ್ಮ ಮನೆಗೆ ಉಚಿತವಲ್ಲ. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ನೀವು ಲೋಕಕ್ಕೆ ದಾನ ಮಾಡಿದ ಎರಡು ಗಂಟೆಯಲ್ಲಿ ಮಗು ಅತ್ತಾಗ ಎದ್ದವರು ಯಾರು? ಬೆಳಿಗ್ಗೆ ನೀವು ತಡವಾಗಿ ಎದ್ದಾಗ ಹಾಲು ಕಾಯಿಸಿದವರು ಯಾರು? ದಾನಪತ್ರದಲ್ಲಿ ಹೆಸರು ನಿಮ್ಮದು, ಹಣ ಇನ್ನೊಬ್ಬರದು ಎಂಬಂತಾಗಬಾರದು. ‘ಉಚಿತ’ ಎಂಬ ಶಬ್ದಕ್ಕೆ ‘ತಕ್ಕುದಾದದ್ದು’ ಎಂಬ ಇನ್ನೊಂದು ಅರ್ಥವೂ ಇದೆಯೆಂಬುದನ್ನು ನೆನಪಿಸುತ್ತೇನೆ.

ಇದು ನನ್ನ ಊಹೆಯ ಮಾತಲ್ಲ. ಕೇಂದ್ರ ಸರ್ಕಾರದ ೨೦೨೪ರ ಕಾಲ ಬಳಕೆ ಸಮೀಕ್ಷೆಯನ್ನು ನೋಡಿ. ೧೫ರಿಂದ ೫೯ ವರ್ಷದೊಳಗಿನವರಲ್ಲಿ, ಮನೆಯವರ ಆರೈಕೆಯ ಕೆಲಸದಲ್ಲಿ ತೊಡಗಿದ ಮಹಿಳೆಯರು ಶೇ. ೪೧, ಪುರುಷರು ಶೇ. ೨೧.೪. ಹಾಗೆ ತೊಡಗಿದವರಲ್ಲಿಯೂ ಮಹಿಳೆಯರು ದಿನಕ್ಕೆ ೧೪೦ ನಿಮಿಷ ಕೊಟ್ಟರೆ, ಪುರುಷರು ಕೊಟ್ಟದ್ದು ೭೪ ನಿಮಿಷ. ವ್ಯತ್ಯಾಸ ೬೬ ನಿಮಿಷ. ಒಂದು ವರ್ಷಕ್ಕೆ ಗುಣಿಸಿದರೆ ಸುಮಾರು ೪೦೦ ಗಂಟೆ. ದಿನಕ್ಕೊಂದು ಗಂಟೆ ಮುಕ್ತ ತಂತ್ರಾಂಶಕ್ಕೆ ಕೊಡುತ್ತೇನೆ ಎನ್ನುವ ಹುಡುಗನ ಹೊತ್ತು ಎಲ್ಲಿಂದ ಬರುತ್ತಿರಬಹುದೆಂದು ಈ ಲೆಕ್ಕ ಸೂಚಿಸುತ್ತದೆ.

ನನ್ನ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ಮಗಳು-ಅಳಿಯ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅಳಿಯನಿಗೆ ಲಿನಕ್ಸ್ ಎಂದರೆ ಪ್ರಾಣ. ಮಗಳು ಮದುವೆಗೆ ಮೊದಲಿನಿಂದಲೂ ಕನ್ನಡ ವಿಕಿಪೀಡಿಯದಲ್ಲಿ ರಸಾಯನಶಾಸ್ತ್ರದ ಲೇಖನಗಳನ್ನು ತಿದ್ದುತ್ತಿದ್ದಳು. ಮೊಮ್ಮಗಳು ಹುಟ್ಟಿದ ಮೇಲೆ ಅಳಿಯನ ಹವ್ಯಾಸ ಹೇಗೆ ಸಾಗೀತೆಂಬ ಚರ್ಚೆ ಬಂಧುಗಳಲ್ಲೆಲ್ಲ ನಡೆಯಿತು. ಮಗಳ ಬರವಣಿಗೆ ಯಾವಾಗ ನಿಂತಿತು ಎಂದು ಕೇಳಿದವರು ಒಬ್ಬರೂ ಇಲ್ಲ. ಹದಿನಾಲ್ಕು ತಿಂಗಳು ಕಳೆದಿತ್ತು. ಅದನ್ನು ಗುರುತಿಸಿದವನು ಅಳಿಯನೇ ಎಂಬುದು ನನಗೆ ಹೆಮ್ಮೆಯ ಸಂಗತಿ. ಈಗ ಬುಧವಾರ ಸಂಜೆ ಎರಡು ಗಂಟೆ ಆತನದು, ಭಾನುವಾರ ಬೆಳಿಗ್ಗೆ ಎರಡು ಗಂಟೆ ಆಕೆಯದು. ಆ ಹೊತ್ತಿನಲ್ಲಿ ಇನ್ನೊಬ್ಬರು ಮಗುವಿನೊಂದಿಗೆ. ‘ಯುವ ತಂದೆ ಹೇಗೆ ಸಮತೋಲನ ಸಾಧಿಸಬೇಕು’ ಎಂಬ ಪ್ರಶ್ನೆಯಲ್ಲೇ ಅರ್ಧ ಉತ್ತರ ಅಡಗಿದೆ: ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕುಳಿತಿರುವುದು ಮಗುವೊಂದೇ ಅಲ್ಲ.

ನಮ್ಮ ಕಡೆಯ ಬಾಣಂತನದ ಪದ್ಧತಿಯಿಂದ ಉಂಟಾಗುವ ಒಂದು ವಿಚಿತ್ರವನ್ನೂ ಗಮನಿಸಿದ್ದೇನೆ. ಹೆರಿಗೆಗೆ ಮಡದಿ ತವರಿಗೆ ಹೋಗುತ್ತಾಳೆ. ಮೂರೋ ಐದೋ ತಿಂಗಳು ಈತ ಬೆಂಗಳೂರಿನ ಮನೆಯಲ್ಲಿ ಒಬ್ಬನೇ. ಕೈತುಂಬ ಬಿಡುವು. ಇದ್ದ ಒಂದು ಯೋಜನೆಯ ಜೊತೆಗೆ ಇನ್ನೆರಡನ್ನು ಒಪ್ಪಿಕೊಳ್ಳುತ್ತಾನೆ. ತೊಟ್ಟಿಲು ಮನೆಗೆ ಬಂದ ದಿನ, ಕೊಟ್ಟ ಮಾತುಗಳೆಲ್ಲ ಒಟ್ಟಿಗೆ ಕುತ್ತಿಗೆಗೆ ಬೀಳುತ್ತವೆ. ಆ ಬಿಡುವಿನ ತಿಂಗಳುಗಳು ಹೊಸ ಹೊಣೆ ಹೊರುವುದಕ್ಕಲ್ಲ, ಇದ್ದ ಹೊಣೆಯನ್ನು ಹಂಚುವುದಕ್ಕೆ. ಮಗುವಾದರೋ ಒಂಬತ್ತು ತಿಂಗಳು ಮೊದಲೇ ಸೂಚನೆ ಕೊಟ್ಟು ಬರುವ ಅತಿಥಿ. ಸಿದ್ಧತೆಗೆ ಕಾಲವಿರಲಿಲ್ಲ ಎನ್ನುವಂತಿಲ್ಲ.

“ನಾನಿಲ್ಲದಿದ್ದರೆ ಯೋಜನೆ ನಿಂತುಹೋಗುತ್ತದೆ” ಎಂದು ಕೆಲವರು ಹೇಳುವುದುಂಟು. ಲೈನಸ್ ಟೊರ್ವಾಲ್ಡ್ಸ್‌ಗೆ ಮೊದಲ ಮಗಳು ಹುಟ್ಟಿದ್ದು ೧೯೯೬ರ ಡಿಸೆಂಬರಿನಲ್ಲಿ. ಲಿನಕ್ಸಿಗೆ ಆಗ ಐದು ವರ್ಷ. ಅಷ್ಟರಲ್ಲಿ ಅದು ಹಲವು ಕೈಗಳ ಕೆಲಸವಾಗಿತ್ತು. ೨೦೧೮ರ ಸೆಪ್ಟೆಂಬರಿನಲ್ಲಿ ಇತರರೊಡನೆ ತಮ್ಮ ನಡೆನುಡಿಯನ್ನು ತಿದ್ದಿಕೊಳ್ಳಬೇಕೆಂದು ಹೇಳಿ ಅವರು ಕೆಲಕಾಲ ಬದಿಗೆ ಸರಿದರು. ಲಿನಕ್ಸ್ ನಿಲ್ಲಲಿಲ್ಲ. ಮುಂದಿನ ತಿಂಗಳೇ ೪.೧೯ನೆಯ ಆವೃತ್ತಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವರ ಕೈಯಿಂದ ಹೊರಬಂತು. ಹುಟ್ಟಿಸಿದವನಿಲ್ಲದೆಯೂ ನಡೆಯಬಲ್ಲದು ಎಂಬುದೇ ಮುಕ್ತ ತಂತ್ರಾಂಶದ ಹಿರಿಮೆ. ಮೂಲ ಎಲ್ಲರ ಬಳಿಯೂ ಇದೆ, ಯಾರು ಬೇಕಾದರೂ ಮುಂದುವರಿಸಬಹುದು. ಮಗುವಿನ ವಿಷಯದಲ್ಲಿ ಅಂತಹ ಅನುಕೂಲವಿಲ್ಲ.

ಕೆಲಸವನ್ನು ಹಂಚಿಕೊಳ್ಳದೆ ಒಬ್ಬನೇ ಹೊತ್ತರೆ ಏನಾಗುತ್ತದೆ ಎಂಬುದಕ್ಕೆ ೨೦೨೪ರ ‘ಎಕ್ಸ್‌ಝಡ್’ ಪ್ರಕರಣವನ್ನು ನೋಡಬೇಕು. ಲೋಕದ ಅಸಂಖ್ಯ ಗಣಕಗಳಲ್ಲಿರುವ ಆ ಪುಟ್ಟ ತಂತ್ರಾಂಶವನ್ನು ಬಹುಕಾಲ ನೋಡಿಕೊಂಡವರು ಫಿನ್ಲೆಂಡಿನ ಲಾಸ್ಸೆ ಕಾಲಿನ್, ಅದೂ ಸಂಬಳವಿಲ್ಲದೆ. ೨೦೨೨ರಲ್ಲಿ, ಮಾನಸಿಕ ಅನಾರೋಗ್ಯದಿಂದಾಗಿ ತಮಗೆ ಹೆಚ್ಚು ಮಾಡಲಾಗುತ್ತಿಲ್ಲವೆಂದೂ ಇದು ಹಣವಿಲ್ಲದ ಹವ್ಯಾಸವೆಂದೂ ಅವರು ಬಹಿರಂಗವಾಗಿಯೇ ತಿಳಿಸಿದರು. ಗುರುತಿಲ್ಲದ ಕೆಲವರು ತಡವಾಯಿತೆಂದು ಅವರನ್ನು ಒತ್ತಾಯಿಸುತ್ತಲೇ ಇದ್ದರು. ಸಹಾಯಕ್ಕೆಂದು ಬಂದ ‘ಜಿಯಾ ತಾನ್’ ಎಂಬ ಹೆಸರಿನವನು ಕ್ರಮೇಣ ನಂಬಿಕೆ ಗಳಿಸಿ, ಕೊನೆಗೆ ೨೦೨೪ರಲ್ಲಿ ಅದರೊಳಗೆ ಕಳ್ಳಬಾಗಿಲೊಂದನ್ನು ಇಟ್ಟ. ಗಣಕದೊಳಗೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಸಂಶಯಪಟ್ಟ ಆಂಡ್ರೆಸ್ ಫ್ರೊಯಿಂಡ್ ಎಂಬ ಇಂಜಿನಿಯರ್ ಮಾರ್ಚ್ ೨೯ರಂದು ಅದನ್ನು ಬಯಲಿಗೆಳೆದದ್ದರಿಂದ ದೊಡ್ಡ ಅನಾಹುತ ತಪ್ಪಿತು. ದಣಿದ ಒಬ್ಬನೇ ಮನುಷ್ಯನ ಹೆಗಲ ಮೇಲೆ ನಿಂತ ಕೆಲಸ ಅವನಿಗೂ ಅಪಾಯ, ಲೋಕಕ್ಕೂ ಅಪಾಯ. ನಿಮ್ಮ ನಿದ್ದೆಗೇಡು ತ್ಯಾಗವೆಂದು ತಿಳಿಯಬೇಡಿ.

ಹಾಗಾದರೆ ಮಾಡಬೇಕಾದದ್ದೇನು? ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಮಗು ಬರುವ ಮೊದಲೇ ನಿಮ್ಮ ಯೋಜನೆಗೆ ಪರಿಚಿತನಾದ ಇನ್ನೊಬ್ಬ ಜವಾಬ್ದಾರನನ್ನು ಸಿದ್ಧಪಡಿಸಿ. ಎರಡನೆಯದಾಗಿ, “ಮನೆಯಲ್ಲಿ ಹಸುಗೂಸು ಇದೆ, ಉತ್ತರ ತಡವಾಗುತ್ತದೆ” ಎಂದು ಎಲ್ಲರಿಗೂ ಕಾಣುವಂತೆ ಬರೆದಿಡಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಮೂರನೆಯದಾಗಿ, ಮೊದಲ ಒಂದು ವರ್ಷ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಕೆಲಸಗಳನ್ನೇ ಆರಿಸಿಕೊಳ್ಳಿ: ನಾಲ್ಕು ಸಾಲಿನ ಅನುವಾದ, ದೋಷವೊಂದರ ವರದಿ, ಬಳಕೆಯ ಕೈಪಿಡಿಯ ತಿದ್ದುಪಡಿ. ನಾಲ್ಕು ಗಂಟೆ ಎಡೆಬಿಡದೆ ಕುಳಿತು ಮಾಡಬೇಕಾದದ್ದು ಈಗ ಬೇಡ. ನಾಲ್ಕನೆಯದಾಗಿ, ತೋಳಿನಲ್ಲಿ ಮಗು, ಕೈಯಲ್ಲಿ ಕೀಲಿಮಣೆ ಎಂಬ ಸರ್ಕಸ್ಸು ಮಾಡಬೇಡಿ. ಎರಡೂ ಕೆಡುತ್ತವೆ. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ನಿಮ್ಮ ಹವ್ಯಾಸಕ್ಕೆ ವಾರಕ್ಕೆ ಎಷ್ಟು ಗಂಟೆ ತೆಗೆದಿಡುತ್ತೀರೋ ಅಷ್ಟೇ ಗಂಟೆ ಮಡದಿಗೂ ಸಲ್ಲಲಿ. ಆಕೆ ಆ ಹೊತ್ತಿನಲ್ಲಿ ಓದಲಿ, ಬರೆಯಲಿ, ಬೇಕಾದರೆ ಸುಮ್ಮನೆ ಮಲಗಲಿ. ಅದರ ಲೆಕ್ಕ ಕೇಳಬೇಡಿ.

ಇದನ್ನೆಲ್ಲ ಹುಡುಗರೊಬ್ಬರ ತಲೆಗೇ ಕಟ್ಟುವುದೂ ನ್ಯಾಯವಲ್ಲ. ೨೦೧೭ರ ತಿದ್ದುಪಡಿಯಿಂದ ತಾಯಂದಿರ ಹೆರಿಗೆ ರಜೆ ೨೬ ವಾರಗಳಾದದ್ದು ಒಳ್ಳೆಯದೇ. ಆದರೆ ತಂದೆಗೆ, ಕೇಂದ್ರ ಸರ್ಕಾರಿ ನೌಕರನಾದರೆ, ೧೫ ದಿನ. ಖಾಸಗಿ ಕಂಪನಿಗಳಲ್ಲಿ ಅದೂ ಆಯಾ ಕಂಪನಿಯ ಇಚ್ಛೆ. ಇವರು ರಾತ್ರಿ ಬರೆದ ಮುಕ್ತ ತಂತ್ರಾಂಶವನ್ನು ಹಗಲು ಬಳಸಿ ಹಣ ಗಳಿಸುವ ಕಂಪನಿಗಳು, ಆ ಕೆಲಸಕ್ಕೆ ಹಗಲಿನಲ್ಲಿಯೇ ವಾರಕ್ಕೆ ಅರ್ಧ ದಿನ ಬಿಟ್ಟುಕೊಟ್ಟರೆ ಎಷ್ಟೋ ಮನೆಗಳಲ್ಲಿ ರಾತ್ರಿ ಹಗುರವಾದೀತು.

ಅಜ್ಜ-ಅಜ್ಜಿಯರಾದ ನಾವೂ ಸ್ವಲ್ಪ ಬದಲಾಗೋಣ. ಮೊಮ್ಮಗುವನ್ನು ನೋಡಲು ಹೋದಾಗ, “ಇನ್ನೂ ಆ ಕಂಪ್ಯೂಟರಿನ ಮುಂದೆಯೇ ಕೂತಿದ್ದೀಯಾ?” ಎಂದು ಗೊಣಗುವ ಬದಲು, ಒಂದು ಸಂಜೆ ಮಗುವನ್ನು ನಾವೇ ಎತ್ತಿಕೊಂಡು ಉದ್ಯಾನಕ್ಕೆ ಹೊರಟರೆ ಇಬ್ಬರಿಗೂ ಬಿಡುವು ಸಿಗುತ್ತದೆ. ನನ್ನ ಮಂಡಿನೋವಿಗೂ ಆ ನಡಿಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆ.

ಈ ಅಭಿಪ್ರಾಯವನ್ನು ಒಪ್ಪದವರು ನಿಮ್ಮಲ್ಲಿ ಇರಬಹುದು. ತರಗತಿಯಲ್ಲಿಯೂ ನನ್ನ ಮಾತಿಗೆ ಎದ್ದು ನಿಂತು ಎದುರು ಹೇಳಿದವರನ್ನೇ ನಾನು ಹೆಚ್ಚು ನೆನಪಿಟ್ಟುಕೊಂಡಿದ್ದೇನೆ. ನಿಮ್ಮ ಮನೆಯ ವೇಳಾಪಟ್ಟಿ ಹೇಗಿದೆಯೆಂದು ತಿಳಿಸಿ. ತಿಳಿಸುವ ಮುನ್ನ ಅದನ್ನೊಮ್ಮೆ ಮಡದಿಗೆ ತೋರಿಸಿ, ಆಕೆಯ ಸಹಿಯನ್ನೂ ಹಾಕಿಸಿ ಕಳುಹಿಸಿದರೆ ನಾನು ನಂಬುತ್ತೇನೆ.

ಮಕ್ಕಳಿಗೂ ಅವರ ತಾಯಂದಿರಿಗೂ ನಮ್ಮ ಆಶೀರ್ವಾದಗಳು.