ಸೂಜಿ ಬೆಳಗಾವಿಯಲ್ಲಿ, ಜ್ವರ ಹಿಡಕಲ್ಲಿನಲ್ಲಿ!

ಕ್ಯಾನ್ಸರ್ ಎಂದರೆ ಬೆಂಗಳೂರಿನ ಕಿದ್ವಾಯಿ ಎನ್ನುವ ಕಾಲ ಒಂದಿತ್ತು. ೧೯೭೩ರಲ್ಲಿ ಆರಂಭವಾದ ಆ ಸಂಸ್ಥೆಗೆ ನಮ್ಮ ಭಾಗದವರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಆಮೇಲೆ ಹುಬ್ಬಳ್ಳಿಯ ನವನಗರದಲ್ಲಿ ಆಸ್ಪತ್ರೆಯಾಯಿತು. ೨೦೨೫ರ ಜನವರಿಯಲ್ಲಿ ಬೆಳಗಾವಿಯಲ್ಲೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರಕಾರ ೧೬ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ತೆರೆಯಿತು. ಸಂತೋಷವೇ.

ಆದರೆ ಒಂದು ಮಾತು. ಸೂಜಿ ಮಾಡುವುದು ಬಹಳ ಸಲ ಅರ್ಧ ದಿನದ ಕೆಲಸ. ಬೆಳಿಗ್ಗೆ ಹೋದವರು ಸಂಜೆ ಬಸ್ಸಿಗೆ ಹಿಡಕಲ್ ಡ್ಯಾಂ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮರಳುತ್ತಾರೆ. ಔಷಧದ ಪರಿಣಾಮ ಮಾತ್ರ ಮುಂದಿನ ಎರಡು ಮೂರು ವಾರ ಮನೆಯಲ್ಲೇ ನಡೆಯುತ್ತದೆ. ಆಗ ಡಾಕ್ಟರೂ ಇಲ್ಲ, ನರ್ಸಮ್ಮನೂ ಇಲ್ಲ. ಇರುವುದು ಮನೆಯವರು, ಓಣಿಯ ಕಿರಾಣಿ ಅಂಗಡಿ, ಒಂದು ಮೆಡಿಕಲ್ ಶಾಪು. ಆದ್ದರಿಂದ ಇವತ್ತಿನ ಮಾತು ಅಂಗಡಿಕಾರರಿಗೂ ಸೇರಿದ್ದು.

ಎಲ್ಲಕ್ಕಿಂತ ಮೊದಲು ಜ್ವರದ ಸಂಗತಿ. ಕೀಮೋ ಔಷಧ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಗಡ್ಡೆಯದು ಯಾವುದು, ಮೈಯದು ಯಾವುದು ಎಂಬ ಭೇದ ಅದಕ್ಕೆ ಪೂರ್ತಿ ಇಲ್ಲ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಅದಕ್ಕೇ. ರೋಗಾಣುಗಳನ್ನು ತಡೆಯುವ ರಕ್ತದ ಬಿಳಿಕಣಗಳೂ ಅದರ ಜತೆಗೇ ಇಳಿಯುತ್ತವೆ. ಸಾಮಾನ್ಯವಾಗಿ ಸೂಜಿಯಾದ ೭ರಿಂದ ೧೪ ದಿನದೊಳಗೆ ಅವು ತೀರ ಕಡಿಮೆ. ಆ ಹೊತ್ತಿನಲ್ಲಿ ಬರುವ ಜ್ವರ ಸಾದಾ ಜ್ವರವಲ್ಲ, ಕೆಲವೇ ತಾಸಿನಲ್ಲಿ ಪ್ರಾಣಕ್ಕೆ ಬರಬಹುದು. ಥರ್ಮಾಮೀಟರಿನಲ್ಲಿ ೧೦೦.೪ ಡಿಗ್ರಿ ಮುಟ್ಟಿದರೆ, ಇಲ್ಲವೆ ಚಳಿ ಹತ್ತಿ ನಡುಗಿದರೆ, ಹಗಲೋ ರಾತ್ರಿಯೋ ನೋಡದೆ ಆಸ್ಪತ್ರೆಗೆ ಫೋನು ಮಾಡಿ ಹೊರಡಬೇಕು. ‘ಮುಂಜಾನೆ ನೋಡೂಣು’ ಎನ್ನುವಂತಿಲ್ಲ. ೧೦೮ಕ್ಕೆ ಕರೆ ಮಾಡಿದರೆ ಗಾಡಿ ಪುಕ್ಕಟೆ.

ಇಲ್ಲಿ ನಮ್ಮ ಅಂಗಡಿಕಾರರ ಪಾತ್ರ ದೊಡ್ಡದು. ‘ಅಣ್ಣಾರ, ಒಂದ್ ಜ್ವರದ ಗುಳಿಗಿ ಕೊಡ್ರಿ’ ಎಂದು ಹುಡುಗ ಬಂದರೆ, ‘ಯಾರಿಗಪಾ?’ ಎಂದು ಒಂದು ಮಾತು ಕೇಳಿ. ಕೀಮೋ ತಗೊಂಡವರಿಗೆ ಎಂದರೆ ಗುಳಿಗೆ ಕೊಡಬೇಡಿ, ದವಾಖಾನೆಗೆ ಕಳಿಸಿ. ಗುಳಿಗೆಯಿಂದ ಮೈ ಬಿಸಿ ಇಳಿಯುತ್ತದೆ, ಒಳಗಿನ ಸೋಂಕು ಇಳಿಯುವುದಿಲ್ಲ. ಎರಡು ರೂಪಾಯಿ ವ್ಯಾಪಾರ ಬಿಟ್ಟರೆ ಒಂದು ಜೀವ ಉಳಿದೀತು.

ಎರಡನೆಯದು ಸೂಜಿ ಚುಚ್ಚಿದ ಜಾಗ. ಕೆಲವು ಔಷಧ ನರದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಡುತ್ತದೆ. ಬಾಟಲಿ ಹಚ್ಚಿದಾಗ ಉರಿ, ನೋವು, ಬಾವು ಕಂಡರೆ ‘ಸಿಸ್ಟರ್ ಏನಂದಾರೋ’ ಎಂಬ ಸಂಕೋಚ ಬೇಡ, ಆ ಕ್ಷಣವೇ ಹೇಳಿ. ಮನೆಗೆ ಬಂದ ಮೇಲೆ ಕೆಂಪಾದರೆ, ಗುಳ್ಳೆ ಎದ್ದರೆ ತಿಕ್ಕಬಾರದು, ಕೇಳದೆ ಶಾಖವನ್ನೂ ಕೊಡಬಾರದು. ಒಂದು ಔಷಧಕ್ಕೆ ತಣ್ಣಗಿನದು ಬೇಕು, ಇನ್ನೊಂದಕ್ಕೆ ಬಿಸಿ. ಅದನ್ನು ಆಸ್ಪತ್ರೆಯವರೇ ಹೇಳಬೇಕು. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ತಗೊಂಡವರಿಗೆ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ. ಅದು ಔಷಧದ ಬಣ್ಣ, ಗಾಬರಿ ಬೇಡ. ಆಮೇಲೂ ಕೆಂಪಿದ್ದರೆ ತೋರಿಸಿ.

ಮೂರನೆಯದು ಮನೆಯವರ ಜಾಗ್ರತೆ. ಸೂಜಿಯಾದ ಎರಡು ದಿನ, ಅಂದರೆ ೪೮ ತಾಸು, ರೋಗಿಯ ಮೂತ್ರ, ಮಲ, ವಾಂತಿಯಲ್ಲಿ ಔಷಧದ ಅಂಶ ಇರುತ್ತದೆ. ಕೈಗವಸು ಹಾಕಿಕೊಂಡು ತೆಗೆಯಬೇಕು, ಪಾಯಖಾನೆಗೆ ಎರಡು ಸಲ ನೀರು ಹೊಯ್ಯಬೇಕು, ಹೊಲಸಾದ ಬಟ್ಟೆ ಬೇರೆ ಒಗೆಯಬೇಕು. ಬಸುರಿ, ಬಾಣಂತಿಯರು ಈ ಕೆಲಸಕ್ಕೆ ಕೈ ಹಾಕಬಾರದು. ಕೆಲವರು ಔಷಧದ ಸಣ್ಣ ಪಂಪು ಕಟ್ಟಿಕೊಂಡೇ ಊರಿಗೆ ಬರುತ್ತಾರೆ. ಅದು ಸೋರಿದರೆ ಬರಿಗೈಯಲ್ಲಿ ಮುಟ್ಟದೆ ಆಸ್ಪತ್ರೆಗೆ ತಿಳಿಸಬೇಕು. ಬಳಸಿದ ಸೂಜಿ, ಸೀಸೆಗಳನ್ನು ತಿಪ್ಪೆಗೋ ಕಾಲುವೆಗೋ ಎಸೆಯದೆ ಆಸ್ಪತ್ರೆಗೇ ಮರಳಿಸಬೇಕು.

ಹಾಗೆಂದು ರೋಗಿಯನ್ನು ದೂರ ಮಾಡಬೇಡಿ. ಕ್ಯಾನ್ಸರ್ ಅಂಟುರೋಗವಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತರೆ ನಮಗೇನೂ ಆಗುವುದಿಲ್ಲ. ನಮ್ಮ ಕೆಮ್ಮು, ನೆಗಡಿಯೇ ಅವರಿಗೆ ಅಪಾಯ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ತಲೆ ಬೋಳಾದವರು ಬಸ್ಸು ಹತ್ತಿದರೆ ಎದ್ದು ಸೀಟು ಬಿಡಿ, ಕಿಟಕಿ ತೆರೆಯಿರಿ. ಪುಣ್ಯದ ಕೆಲಸಕ್ಕೆ ಟಿಕೆಟ್ಟಿಲ್ಲ.

ಔಷಧ ಹೊರಗಿನಿಂದ ತರಬೇಕಾದವರಿಗೆ ಇನ್ನೊಂದು ಎಚ್ಚರಿಕೆ. ೨೦೨೪ರ ಮಾರ್ಚ್‌ನಲ್ಲಿ ದಿಲ್ಲಿ ಪೊಲೀಸರು ಒಂದು ಜಾಲ ಹಿಡಿದರು. ಖಾಲಿಯಾದ ಕ್ಯಾನ್ಸರ್ ಔಷಧದ ಸೀಸೆಗೆ ಬೇರೇನೋ ತುಂಬಿ ಮಾರುತ್ತಿದ್ದರಂತೆ! ಬಿಲ್ಲಿಲ್ಲದೆ, ‘ಅರ್ಧಾ ರೇಟಿಗೆ ಕೊಡಿಸ್ತೀನಿ’ ಎನ್ನುವವರ ಮಾತಿಗೆ ಮರುಳಾಗಬೇಡಿ. ಬಿಲ್ಲಿನಲ್ಲಿ ಬ್ಯಾಚ್ ನಂಬರು ಇರಲಿ. ವಿನ್‌ಕ್ರಿಸ್ಟಿನ್‌ನಂಥ ಔಷಧವನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು, ಬೇಸಿಗೆಯ ಬಸ್ಸಿನಲ್ಲಿ ಬರಿ ಚೀಲದಲ್ಲಿ ಹಾಕಿಕೊಂಡು ಹೋಗುವುದಲ್ಲ. ಅಂದಹಾಗೆ, ಈ ಔಷಧ ಸಿಗುವುದು ಹಿತ್ತಲಲ್ಲಿ ಬೆಳೆಯುವ ಕಾಶಿ ಕಣಗಿಲೆಯಿಂದ. ಹಾಗಂತ ಎಲೆ ಅರೆದು ಕುಡಿಯಬೇಡಿ. ಗಿಡದಲ್ಲಿರುವುದು ವಿಷವೂ ಹೌದು, ಅಳೆದು ಕೊಡುವವನಿದ್ದರೆ ಮಾತ್ರ ಮದ್ದು.

ಇನ್ನು ದೊರೆಗಳಿಗೆ ನಮ್ಮ ಬೇಡಿಕೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಂಟು. ಲಕ್ಷಗಟ್ಟಲೆ ಖರ್ಚು ಮಾಡಿ, ಕೊನೆಗೆ ರೋಗಿಯ ಕೈಗೆ ಇಂಗ್ಲಿಷ್ ಚೀಟಿ ಕೊಟ್ಟು ಕಳಿಸಿದರೆ ಹೇಗೆ ಸ್ವಾಮಿ? ಪ್ರತಿ ರೋಗಿಗೂ ಒಂದು ಕನ್ನಡದ ಕಾರ್ಡು ಬೇಕು. ಯಾವ ಔಷಧ, ಯಾವ ತಾರೀಖು, ಮುಂದಿನ ಸೂಜಿ ಎಂದು, ಎಷ್ಟು ಜ್ವರಕ್ಕೆ ಹೊರಡಬೇಕು, ರಾತ್ರಿ ಎತ್ತುವ ಫೋನ್ ನಂಬರು ಯಾವುದು, ಇಷ್ಟು ಅದರಲ್ಲಿರಲಿ. ಗೋಕಾಕ, ಹುಕ್ಕೇರಿಯ ತಾಲೂಕು ಆಸ್ಪತ್ರೆಗಳಲ್ಲಿ ಈ ಕಾರ್ಡು ತೋರಿಸಿದ ಕೂಡಲೆ, ಚೀಟಿ ಸಾಲಿನಲ್ಲಿ ನಿಲ್ಲಿಸದೆ, ರಕ್ತ ಪರೀಕ್ಷೆ ಮಾಡಿ ಮೊದಲ ಆ್ಯಂಟಿಬಯೋಟಿಕ್ ಕೊಡುವ ವ್ಯವಸ್ಥೆ ರಾತ್ರಿಯೂ ಇರಲಿ. ಬೆಳಗಾವಿ ಮುಟ್ಟುವವರೆಗೆ ಜ್ವರ ಕಾಯುವುದಿಲ್ಲ.

ಒಂದು ಕಾರ್ಡಿಗೆ ತಗಲುವ ಖರ್ಚು ಲಗ್ನಪತ್ರಿಕೆಗಿಂತ ಹೆಚ್ಚಲ್ಲ. ಸಂಬಂಧಪಟ್ಟವರು ಇತ್ತ ನೋಡುವರೇ?